ರಾಕೆಟ್ಟಿನ ಲೆಕ್ಕ ಕನ್ನಡದಲ್ಲೂ ಆಗ್ತದೆ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಹೈಸ್ಕೂಲೊಂದರ ವಿಜ್ಞಾನ ಸಂಘದಲ್ಲಿ ಆಡಿದ ಮಾತುಗಳ ಬರಹರೂಪ)



ಗಡಿನಾಡಿನಲ್ಲಿ ನಾವು ಒಂದು ಮಾತನ್ನು ಆಗಾಗ ಕೇಳ್ತೇವೆ: "ಕನ್ನಡ ಮೀಡಿಯಮ್ಮಿನಲ್ಲಿ ಕಲಿತರೆ ಮುಂದೆ ಸಯನ್ಸಿಗೆ ಕಷ್ಟ." ಹೀಗೆ ಹೇಳಿ ಮಗುವನ್ನು ಬೇರೆ ಮೀಡಿಯಮ್ಮಿಗೆ ಸೇರಿಸ್ತಾರೆ. ಮಕ್ಕಳು ಕಡಿಮೆಯಾದರೆ ಡಿವಿಷನ್ ಹೋಗ್ತದೆ, ಡಿವಿಷನ್ ಹೋದರೆ ಅಧ್ಯಾಪಕರ ಹುದ್ದೆ ಹೋಗ್ತದೆ. ಈ ಮಾತಿಗೆ ಬರೀ ಅಭಿಮಾನದಿಂದ ಉತ್ತರ ಕೊಟ್ಟು ಪ್ರಯೋಜನ ಇಲ್ಲ. ಕಷ್ಟ ಅನ್ನಿಸುವ ಒಂದು ವಿಷಯವನ್ನೇ ತಕ್ಕೊಂಡು ಕನ್ನಡದಲ್ಲಿ ಹೇಳಿ ನೋಡುವ. ಇವತ್ತಿನ ವಿಷಯ, ಹವ್ಯಾಸಿ ರಾಕೆಟ್ಟಿನ ಹೊಟ್ಟೆಯೊಳಗೆ ಕೂರುವ ಪುಟ್ಟ ಕಂಪ್ಯೂಟರ್.

ಅಮೆರಿಕದಲ್ಲಿ ರಾಕೆಟ್ ಹಾರಿಸುವುದು ಒಂದು ಹವ್ಯಾಸ. ಅದಕ್ಕೆ ಸಂಘಗಳುಂಟು, ಪರೀಕ್ಷೆ ಮಾಡಿ ಒಪ್ಪಿದ ಮೋಟಾರುಗಳುಂಟು. ದೊಡ್ಡ ಮೋಟಾರು ಬೇಕಾದರೆ ಹಂತ ಹಂತವಾಗಿ ಅರ್ಹತೆ ಗಳಿಸಬೇಕು. ಮೇಲೆ ಕಳಿಸಿದ ಆ ರಾಕೆಟ್ಟನ್ನು ಮುರಿಯದ ಹಾಗೆ ಕೆಳಗೆ ಇಳಿಸುವುದೇ ದೊಡ್ಡ ಕೆಲಸ. ತುತ್ತತುದಿ ಮುಟ್ಟಿದ ಕ್ಷಣದಲ್ಲಿ ಪ್ಯಾರಾಚೂಟ್ ಬಿಚ್ಚಬೇಕು. ವೇಗ ಇರುವಾಗಲೇ ಬಿಚ್ಚಿದರೆ ಹರಿದುಹೋಗ್ತದೆ. ಬಿಚ್ಚದೇ ಹೋದರೆ ರಾಕೆಟ್ ಬಾಣದ ಹಾಗೆ ನೆಲಕ್ಕೆ ನಾಟುತ್ತದೆ.

ತುದಿ ಮುಟ್ಟಿದ್ದು ಕಂಪ್ಯೂಟರಿಗೆ ಹೇಗೆ ಗೊತ್ತಾಗ್ತದೆ? ಗಾಳಿಯ ಒತ್ತಡದಿಂದ. ಸಮುದ್ರಮಟ್ಟದಲ್ಲಿ ಒತ್ತಡ ಸುಮಾರು 1013 ಹೆಕ್ಟೋಪಾಸ್ಕಲ್. ಮೇಲೆ ಹೋದ ಹಾಗೆ ಮೊದಮೊದಲು ಸುಮಾರು 8 ಮೀಟರಿಗೆ 1 ಹೆಕ್ಟೋಪಾಸ್ಕಲ್‌ನಂತೆ ಅದು ಇಳೀತದೆ. ನೀವು ಬಸ್ಸಿನಲ್ಲಿ ಮಡಿಕೇರಿಗೆ ಹೋಗುವಾಗ ಘಾಟಿಯಲ್ಲಿ ಕಿವಿ ಮುಚ್ಚಿದ ಹಾಗಾಗ್ತದಲ್ಲ, ಅದೇ ಇದು. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ನಮ್ಮ ಕಡಲತೀರಕ್ಕೂ ಅಲ್ಲಿಗೂ ಒತ್ತಡದಲ್ಲಿ ಸುಮಾರು 130 ಹೆಕ್ಟೋಪಾಸ್ಕಲ್ ವ್ಯತ್ಯಾಸ. ಅಂದರೆ ನಿಮ್ಮ ಕಿವಿಯೂ ಒಂದು ಸೆನ್ಸರ್.

ರಾಕೆಟ್ಟಿನಲ್ಲಿ ಈ ಕೆಲಸಕ್ಕೆ ಬೆರಳ ತುದಿಗಿಂತ ಸಣ್ಣದೊಂದು ಚಿಪ್ ಉಂಟು. ಒತ್ತಡ ಇಳೀತಾ ಇದ್ದರೆ ರಾಕೆಟ್ ಏರ್ತಾ ಇದೆ. ಇಳಿಯುವುದು ನಿಂತು ಮತ್ತೆ ಏರಲು ಶುರುವಾದರೆ ತುದಿ ದಾಟಿತು. ಜೊತೆಗೆ ವೇಗೋತ್ಕರ್ಷ ಅಳೆಯುವ ಇನ್ನೊಂದು ಚಿಪ್. ಎರಡು ಯಾಕೆ? ಶಬ್ದದ ವೇಗದ ಹತ್ತಿರ ಹೋದಾಗ ರಾಕೆಟ್ಟಿನ ಸುತ್ತಲಿನ ಗಾಳಿ ಅಲ್ಲೋಲಕಲ್ಲೋಲ ಆಗಿ ಒತ್ತಡದ ಚಿಪ್ ಸುಳ್ಳು ಹೇಳಬಹುದು. ಆಗ ಅದರ ಮಾತು ನಂಬಿ ಪ್ಯಾರಾಚೂಟ್ ಬಿಚ್ಚಿದರೆ ಎಲ್ಲ ಚೂರು ಚೂರು. ಹಾಗಾಗಿ ಎರಡು ಸಾಕ್ಷಿಗಳ ಮಾತನ್ನೂ ತೂಗಿ ನೋಡುವ ಲೆಕ್ಕ ಒಂದುಂಟು. ಅದಕ್ಕೆ ಕಾಲ್ಮನ್ ಫಿಲ್ಟರ್ ಅಂತ ಹೆಸರು.

ತುದಿಯಲ್ಲಿ ಮೊದಲು ಬಿಚ್ಚುವುದು ಸಣ್ಣ ಪ್ಯಾರಾಚೂಟ್. ಅಷ್ಟು ಎತ್ತರದಲ್ಲೇ ದೊಡ್ಡದನ್ನು ಬಿಚ್ಚಿದರೆ ಗಾಳಿ ರಾಕೆಟ್ಟನ್ನು ಎಲ್ಲಿಗೋ ಹೊತ್ತುಕೊಂಡು ಹೋಗ್ತದೆ. ಕೆಳಗೆ, ಮೊದಲೇ ಹೇಳಿಟ್ಟ ಎತ್ತರಕ್ಕೆ ಬಂದಾಗ ದೊಡ್ಡದು ಬಿಚ್ಚುತ್ತದೆ.

ಇನ್ನು ಟೆಲಿಮೆಟ್ರಿ. ದೂರದಲ್ಲಿರುವುದರ ಅಳತೆ ಇಲ್ಲಿ ಕೂತು ತಿಳಿಯುವುದು, ಅಷ್ಟೇ. ಹಾರ್ತಾ ಇರುವಾಗಲೇ ಎತ್ತರ, ವೇಗ, ಬ್ಯಾಟರಿ, ಜಿಪಿಎಸ್ ಸ್ಥಾನ ಎಲ್ಲ ರೇಡಿಯೊ ಮೂಲಕ ಕೆಳಗೆ ಬರ್ತದೆ. ರಾಕೆಟ್ ಕಾಡಿನಲ್ಲಿ ಕಳೆದುಹೋದರೂ ಅದು ಕೊನೆಗೆ ಕಳಿಸಿದ ಸ್ಥಾನ ನಮ್ಮ ಕೈಯಲ್ಲಿರ್ತದೆ.

ಇದನ್ನೆಲ್ಲ ಮಾಡುವ ಬೋರ್ಡುಗಳಲ್ಲಿ ಟೆಲಿಮೆಟ್ರಮ್ ಒಂದು. ಅದನ್ನು ಮಾಡಿದವರು ಬಿಡೇಲ್ ಗಾರ್ಬಿ ಮತ್ತು ಕೀತ್ ಪ್ಯಾಕರ್ಡ್. ಅವರ ಯೋಜನೆಯ ಹೆಸರು ಆಲ್ಟಸ್ ಮೆಟ್ರಮ್. ಬೋರ್ಡಿನ ನಕ್ಷೆ, ಒಳಗಿನ ಪ್ರೋಗ್ರಾಮ್ ಎರಡನ್ನೂ ಅವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಆ ಬೋರ್ಡಿನ ಸ್ವಭಾವ ನೋಡಿ: ರಾಕೆಟ್ಟನ್ನು ಮಲಗಿಸಿ ಸ್ವಿಚ್ ಹಾಕಿದರೆ ಸುಮ್ಮನೆ ಆದೇಶಕ್ಕೆ ಕಾಯ್ತದೆ. ನೆಟ್ಟಗೆ ನಿಲ್ಲಿಸಿ ಹಾಕಿದರೆ ಹಾರಾಟಕ್ಕೆ ಸಿದ್ಧ ಅಂತ ತಿಳೀತದೆ, ಮೋರ್ಸ್ ಸಂಕೇತದಲ್ಲಿ ಬೀಪ್ ಮಾಡಿ ಹೇಳ್ತದೆ. ಅದು ಯಾಕೆ ಹಾಗೆ ಮಾಡ್ತದೆ ಅಂತ ಬೇಕಾದರೆ ಪ್ರೋಗ್ರಾಮ್ ಓದಿ ತಿಳಿಯಬಹುದು. ಬೀಗ ಹಾಕಿದ ಪೆಟ್ಟಿಗೆ ಅಲ್ಲ ಅದು.

ಹೆತ್ತವರು ಸ್ವಲ್ಪ ಗಮನ ಕೊಡಿ. ಗಾರ್ಬಿಯವರು 2002ರಿಂದ ಒಂದು ವರ್ಷ ಡೆಬಿಯನ್ ಯೋಜನೆಯ ನಾಯಕರಾಗಿದ್ದವರು. ಡೆಬಿಯನ್‌ನಿಂದ ಉಬುಂಟು ಬಂತು. ಉಬುಂಟುವನ್ನು ಆಧರಿಸಿದ ವ್ಯವಸ್ಥೆಯೇ ಕೇರಳದ ಶಾಲೆಗಳ ಕಂಪ್ಯೂಟರ್ ಲ್ಯಾಬಿನಲ್ಲಿ ಓಡ್ತಾ ಇರುವುದು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಮ್ಮ ಭಾಷೆಗೆ ತರಬಹುದು ಎಂಬ ಪರವಾನಗಿಯಲ್ಲೇ ಅದೆಲ್ಲ ಬೆಳೆದದ್ದು. ರಾಕೆಟ್ಟಿನ ಪ್ರೋಗ್ರಾಮಿಗೂ ಅಂಥದ್ದೇ ಪರವಾನಗಿ. ನಮಗೆ ಈ ಮಾತು ಮುಖ್ಯ. ಒಂದು ಫಾರಂ ಕನ್ನಡದಲ್ಲಿ ಬೇಕಾದರೂ ಮನವಿ ಕೊಟ್ಟು ವರ್ಷಗಟ್ಟಲೆ ಕಾಯುವವರು ನಾವು. ಇಲ್ಲಿ ಯಾರಿಗೂ ಮನವಿ ಕೊಡಬೇಕಾಗಿಲ್ಲ.

ಆ ಯೋಜನೆಯ ಫೋನ್ ಆಪ್ ಹಾರಾಟದ ಹಂತವನ್ನೂ ಎತ್ತರವನ್ನೂ ಬಾಯ್ಬಿಟ್ಟು ಹೇಳ್ತದೆ, ಇಂಗ್ಲಿಷಿನಲ್ಲಿ. ಅದು ಕನ್ನಡದಲ್ಲಿ ಹೇಳಲಿಕ್ಕೆ ಏನು ಬೇಕು? ಬೆರಳೆಣಿಕೆಯ ಹಂತಗಳಿಗೆ ಹೆಸರು, ಕೆಲವು ವಾಕ್ಯ, ಪ್ರೋಗ್ರಾಮ್ ತಿಳಿದ ಒಬ್ಬರು. ಹೆಸರು ಈಗಲೇ ಶುರು ಮಾಡುವ. ಹಾರುವ ಮೊದಲು "ಸಿದ್ಧ". ಮೋಟಾರು ಉರಿಯುವಾಗ "ನೂಕು". ತುದಿ ದಾಟಿದ ಮೇಲೆ "ಸಣ್ಣ ಕೊಡೆ", ಆಮೇಲೆ "ದೊಡ್ಡ ಕೊಡೆ", ಕೊನೆಗೆ "ಇಳಿಯಿತು". ಮೋಟಾರು ಆರಿದ ಮೇಲೂ ರಾಕೆಟ್ ತನ್ನ ವೇಗದಲ್ಲೇ ಸ್ವಲ್ಪ ಹೊತ್ತು ಏರ್ತದಲ್ಲ, ಆ ಹಂತಕ್ಕೆ ಹೆಸರು ನೀವು ಹೇಳಿ. ಮನೆಯಲ್ಲಿ ತುಳು, ಮರಾಠಿ, ಕೊಂಕಣಿ, ಮಲಯಾಳ ಮಾತಾಡುವವರು ನಿಮ್ಮಲ್ಲಿದ್ದೀರಿ. ಅಲ್ಲಿಂದ ಒಳ್ಳೆ ಶಬ್ದ ಬಂದರೂ ಬರಲಿ.

ಒಂದು ಎಚ್ಚರಿಕೆ. ಪಟಾಕಿಯ ಮದ್ದು ಕೆರೆದು ರಾಕೆಟ್ ಮಾಡಲಿಕ್ಕೆ ಯಾರೂ ಹೋಗಬಾರದು. ಕೈ ಹೋಗ್ತದೆ, ಕಣ್ಣು ಹೋಗ್ತದೆ. ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು ಕಾನೂನಿನ ಪ್ರಕಾರ ಅಪರಾಧ ಕೂಡ. ಟೆಲಿಮೆಟ್ರಮ್ ಬಳಸುವ ರೇಡಿಯೊ ತರಂಗಕ್ಕೂ ಹ್ಯಾಮ್ ಪರವಾನಗಿ ಬೇಕು.

ನಮಗೆ ನೀರಿನ ರಾಕೆಟ್ ಸಾಕು. ಸೋಡಾ ಬರುವ ಪ್ಲಾಸ್ಟಿಕ್ ಬಾಟ್ಲಿಯಲ್ಲಿ ಮೂರರಲ್ಲೊಂದು ಪಾಲು ನೀರು, ಸೈಕಲ್ ಪಂಪಿನ ಗಾಳಿ, ಬಯಲು ಮೈದಾನ, ಪಕ್ಕದಲ್ಲಿ ಅಧ್ಯಾಪಕರು. ಲಿಟಲ್ ಕೈಟ್ಸ್ ಘಟಕ ಇರುವ ಅನೇಕ ಹೈಸ್ಕೂಲುಗಳಿಗೆ ಆರ್ಡುಯಿನೊ ಇರುವ ಕಿಟ್ ಬಂದಿದೆ. ಅದಕ್ಕೆ ಬಿಎಂಪಿ 280 ಎಂಬ ಒತ್ತಡದ ಸೆನ್ಸರ್ ಜೋಡಿಸಿ. ಸುಮಾರು ಒಂದು ಮೀಟರ್ ಏರಿದರೂ ಇಳಿದರೂ ಅದಕ್ಕೆ ಗೊತ್ತಾಗ್ತದೆ. ಮೊದಲು ಅದನ್ನು ಹಿಡಿದು ಶಾಲೆಯ ಮೆಟ್ಟಿಲು ಹತ್ತಿ ಇಳೀರಿ, ಗ್ರಾಫ್ ಬಿಡಿಸಿ. ಆಮೇಲೆ ಹಗುರವಾದ ಸಣ್ಣ ಬೋರ್ಡಿನಲ್ಲಿ ಅದನ್ನೇ ಮಾಡಿ ಬಾಟ್ಲಿಗೆ ಕಟ್ಟಿ ಹಾರಿಸಿ. ಎಲ್ಲವನ್ನೂ ಕನ್ನಡದಲ್ಲೇ ಬರೆದಿಡಿ: ಏನು ಜೋಡಿಸಿದಿರಿ, ಎಷ್ಟು ಅಳತೆ ಬಂತು, ಎಲ್ಲಿ ತಪ್ಪಿತು.

ಆ ಬರಹ ತಾಳವಾಡಿಯ ಮಗುವಿಗೂ ಸಿಗಲಿ, ಅಕ್ಕಲಕೋಟೆಯ, ಜತ್ತದ, ಮಡಕಶಿರದ ಮಗುವಿಗೂ ಸಿಗಲಿ. ಒಂದೊಂದು ಕಡೆ ಒಬ್ಬೊಬ್ಬರೇ ಆಗಿರುವ ನಮ್ಮ ಮಕ್ಕಳಿಗೆ ಅದೇ ಪಾಠಪುಸ್ತಕ ಆಗ್ತದೆ.

ಹುದ್ದೆಗಾಗಿ, ಹಕ್ಕಿಗಾಗಿ ನಮ್ಮ ಹೋರಾಟ ನಡೀತಾ ಇರಲಿ, ಅದು ಬೇಕೇ ಬೇಕು. ಅದರ ಜೊತೆಗೆ ಈ ಕೆಲಸವೂ ಆದರೆ, "ಕನ್ನಡದಲ್ಲಿ ಸಯನ್ಸ್ ಕಷ್ಟ" ಅಂದವರ ಮುಂದೆ ನಿಮ್ಮ ಗ್ರಾಫನ್ನು ಇಟ್ಟರೆ ಸಾಕು.

ಈಗ ಪ್ರಶ್ನೆ ಕೇಳಿ, ಮಕ್ಕಳೇ. ಆ ಹಂತದ ಹೆಸರೂ ಹೇಳಿ.