ಗುಡಿಯ ಮೂಲರೂಪವನ್ನು ಯಂತ್ರ ಹೇಳೀತೇ?

(ಹೊಳೆಆಲೂರಿನ ಸಭೆಯಲ್ಲಿ ಮಾಡಿದ ಭಾಷಣ)



ಈ ಊರ ಮಗ್ಗುಲಲ್ಲಿ ಹರಿಯುವ ಮಲಪ್ರಭೆಯೇ ಮುಂದೆ ಪಟ್ಟದಕಲ್ಲನ್ನೂ ಐಹೊಳೆಯನ್ನೂ ಮುಟ್ಟುತ್ತದೆ. 2019ರ ಆಗಸ್ಟಿನಲ್ಲಿ ಹೊಳೆ ಉಕ್ಕಿ ದಂಡೆಯ ಹಳ್ಳಿಗಳನ್ನು ಹೊಕ್ಕಾಗ ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತವು. ಅದೇ ವರ್ಷದ ಏಪ್ರಿಲಿನಲ್ಲಿ ಪ್ಯಾರಿಸಿನ ನೋತ್ರ್ ದಾಮ್ ಇಗರ್ಜಿಗೆ ಬೆಂಕಿ ಬಿದ್ದಿತ್ತು. ಆಂಡ್ರ್ಯೂ ಟ್ಯಾಲನ್ ಎಂಬ ಕಲಾ ಇತಿಹಾಸಕಾರರು ಆ ಕಟ್ಟಡವನ್ನು ಮುಂಚೆಯೇ ಲೇಸರ್ ಕಿರಣಗಳಿಂದ ಅಳೆದಿಟ್ಟಿದ್ದರು. ಆ ಅಳತೆ ದುರಸ್ತಿಯ ಕೆಲಸಕ್ಕೆ ಒದಗಿತು. 2024ರ ಡಿಸೆಂಬರಿನಲ್ಲಿ ಇಗರ್ಜಿ ಮತ್ತೆ ಬಾಗಿಲು ತೆರೆಯಿತು. ನಮ್ಮ ಗುಡಿಗಳಿಗೆ ಇಂಥ ಗತಿ ಬಂದರೆ ನಮ್ಮ ಕೈಯಲ್ಲಿ ಯಾವ ಅಳತೆ ಇದೆ?

ಈ ವಿದ್ಯೆ ಮಾಯೆಯಲ್ಲ. ಲೇಸರ್ ಯಂತ್ರದಿಂದಲೋ, ನಾನಾ ಕೋನಗಳಿಂದ ತೆಗೆದ ನೂರಾರು ಛಾಯಾಚಿತ್ರಗಳಿಂದಲೋ ಕಂಪ್ಯೂಟರು ಕಲ್ಲಿನ ಮೈಯನ್ನು ಲಕ್ಷಗಟ್ಟಲೆ ಬಿಂದುಗಳಾಗಿ ಹಿಡಿಯುತ್ತದೆ. ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಯೋಜನೆಯಲ್ಲಿ ಹಂಪೆಯ ಮೇಲೆ ಇಂಥ ಕೆಲಸ ನಡೆಯಿತು. ಹುಬ್ಬಳ್ಳಿಯ ಇಂಜಿನಿಯರುಗಳೂ ಅದರಲ್ಲಿ ದುಡಿದರು. 1565ರ ತರುವಾಯ ಹಾಳುಬಿದ್ದ ಪಟ್ಟಣದ ಗುಡಿಗಳು ಪರದೆಯ ಮೇಲೆ ಎದ್ದು ನಿಂತವು.

ಬಿದ್ದ ಭಾಗವನ್ನು ತುಂಬಲು ಸ್ಥಪತಿಗಳ ಲೆಕ್ಕವೇ ಆಧಾರ. ದ್ರಾವಿಡ ಶಿಖರದಲ್ಲಿ ಕೆಳ ಅಂತಸ್ತಿನ ಅಂಗಗಳೇ ಮೇಲಂತಸ್ತಿನಲ್ಲಿ ಕಿರಿದಾಗಿ ಮತ್ತೆ ಬರುತ್ತವೆ. ಒಂದು ಅಂತಸ್ತು ಉಳಿದಿದ್ದರೆ ಇನ್ನೊಂದನ್ನು ಊಹಿಸಬಹುದು. ಆದರೆ ಅಳತೆ ಬೇರೆ, ಊಹೆ ಬೇರೆ. ಎರಡನ್ನೂ ಒಂದೇ ಬಣ್ಣದಲ್ಲಿ ತೋರಿಸಿದರೆ ಅದು ಜನರಿಗೆ ಮಾಡುವ ಮೋಸ.

ಐಹೊಳೆಯ ದುರ್ಗದ ಗುಡಿಯನ್ನೇ ನೋಡಿರಿ. ಹಿಂಬದಿ ಅರ್ಧವರ್ತುಲವಾಗಿರುವುದನ್ನು ಕಂಡು 19ನೆಯ ಶತಮಾನದ ಬ್ರಿಟಿಷ್ ವಿದ್ವಾಂಸರು ಅದು ಮೂಲದಲ್ಲಿ ಬೌದ್ಧ ಚೈತ್ಯವೆಂದು ಬಗೆದರು. ದುರ್ಗವೆಂಬ ಹೆಸರು ದೇವಿಯಿಂದ ಬಂದದ್ದಲ್ಲ, ಕೋಟೆಯಿಂದ ಬಂದದ್ದು. ಶಾಸನ ಅದನ್ನು ಆದಿತ್ಯನ ಗುಡಿ ಎನ್ನುತ್ತದೆ. ಶಿಖರ ಮುರಿದಿದೆ, ಅದರ ಆಮಲಕ ನೆಲದ ಮೇಲಿದೆ. ಆ ಶಿಖರ ಮೊದಲಿನಿಂದಲೇ ಇತ್ತೋ, ನಂತರ ಏರಿಸಿದ್ದೋ ಎಂಬುದನ್ನು ಕಂಪ್ಯೂಟರೊಂದೇ ನಿರ್ಣಯಿಸಲಾರದು. ಅದೇ ಊರಿನ ಲಾಡಖಾನ್ ಗುಡಿಗೆ ಅಲ್ಲಿ ವಾಸಿಸಿದವನ ಹೆಸರೇ ನಿಂತಿದೆ. ಆ ವಾಸವೂ ಗುಡಿಯ ಚರಿತ್ರೆಯೇ.

ಇಲ್ಲಿಯೇ ನಾವು ಎಚ್ಚರವಾಗಿರಬೇಕು. ಮೂಲರೂಪ ಎಂಬ ಮಾತನ್ನು ಹಿಡಿದು ನಂತರದ ಜನರ ಗುರುತನ್ನೆಲ್ಲ ಅಳಿಸಲು ಹೊರಡುವವರು ಇದ್ದಾರೆ. ಪರದೆಯ ಮೇಲಿನ ಒಂದು ಚೆಲುವಾದ ಚಿತ್ರವೇ ನಾಳೆ ಜಗಳಕ್ಕೆ ಸಾಕ್ಷಿಯಾದೀತು. ಆದ್ದರಿಂದ ಯಾವುದು ನಿಂತ ಕಲ್ಲು, ಯಾವುದು ತಜ್ಞರ ಊಹೆ, ಯಾವುದು ಯಾವ ಕಾಲದ್ದು ಎಂಬುದನ್ನು ಚಿತ್ರದಲ್ಲಿಯೇ ಗುರುತಿಸಲಿ ಎಂಬುದು ನಮ್ಮ ಮೊದಲ ಬೇಡಿಕೆ.

ಎರಡನೆಯದು, ಸಾರ್ವಜನಿಕ ಹಣದಿಂದ ಮಾಡಿದ ಅಳತೆ ಸಾರ್ವಜನಿಕರ ಸ್ವತ್ತಾಗಲಿ. ಕನ್ನಡ ವಿವರಣೆಯೊಡನೆ ಹಳ್ಳಿಯ ಶಾಲೆಗೂ ಬಿಟ್ಟಿಯಾಗಿ ಸಿಗಲಿ. ಮೂರನೆಯದು, ಹಂಪೆ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಹೆಸರಾದ ಊರುಗಳಿಗೆ ಯಂತ್ರವೂ ಬರುತ್ತದೆ, ಹಣವೂ ಬರುತ್ತದೆ. ನಮ್ಮ ಸೂಡಿಯ ಜೋಡು ಕಳಸದ ಗುಡಿ, ನಾಗಕುಂಡ, ರೋಣದ ಹಳೆಯ ಗುಡಿಗಳು, ಹೊಲದ ಬದುವಿನ ಹೆಸರಿಲ್ಲದ ಗುಡಿಗಳೂ ಅಳತೆಗೆ ಬರಲಿ. ಛಾಯಾಚಿತ್ರದಿಂದ ಅಳೆಯುವ ಕೆಲಸವನ್ನು ನಮ್ಮ ತರುಣ ತರುಣಿಯರು ಕಲಿಯಬಲ್ಲರು. ಅವರನ್ನು ತರಬೇತು ಮಾಡಿ ಕೂಲಿ ಕೊಟ್ಟು ದುಡಿಸಲಿ.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಆದರೆ ಕಟ್ಟಿದ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿ ಇವರ ಹೆಸರುಗಳನ್ನೂ ಅಲ್ಲಿಯ ಕಲ್ಲು ಹೊತ್ತಿದೆ. ಇಂದಿನ ಲೆಕ್ಕದಲ್ಲಿಯೂ ಕೈಗಳ ಹೆಸರು ಬಿಟ್ಟುಹೋಗಬಾರದು. ಮುಂದಿನ ಮಳೆಗಾಲ ಯಾರಿಗೂ ಕಾಯುವುದಿಲ್ಲ. ಅದಕ್ಕೆ ಮೊದಲೇ ಪ್ರತಿ ಗ್ರಾಮ ಪಂಚಾಯಿತಿ ತನ್ನ ಎಲ್ಲೆಯೊಳಗಿನ ಹಳೆಯ ಗುಡಿ, ಮಸೀದಿ, ಬಸದಿಗಳ ಪಟ್ಟಿ ಮಾಡಿ ಈ ಬೇಡಿಕೆಗಳೊಡನೆ ಸರಕಾರದ ಮುಂದಿಡಲಿ. ಆ ಕೆಲಸವನ್ನು ನಾವು ಈ ಊರಿನಿಂದಲೇ ಆರಂಭಿಸೋಣ.