ಹೇಳಿದ್ದನ್ನೇ ಹೇಳುವ ಅಜ್ಜಿ
(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ವೃದ್ಧರ ವಿಷಯ ಮಾತಾಡಬೇಕೆಂದು ಕೇಳಿಕೊಂಡಿದ್ದೀರಿ. ಮಂಡಿನೋವು, ಕಣ್ಣಿನ ಪೊರೆ ಇವುಗಳಿಗೆ ಆಸ್ಪತ್ರೆಯುಂಟು. ನಾನು ಹೇಳಬೇಕೆಂದಿರುವುದು ಅವರ ಮನಸ್ಸಿನ ವಿಷಯ.

ತೋಟದಲ್ಲಿ ಕೆಲಸ ಬಿಡುವುದು ಕಚೇರಿಯವರು ನಿವೃತ್ತಿಯಾದ ಹಾಗಲ್ಲ. ಚೆಕ್‌ರೋಲಿನಿಂದ ಹೆಸರು ಹೋದ ದಿನ ಕೂಲಿಯೂ ಹೋಯಿತು, ಜೊತೆಯಲ್ಲಿ ಎಲೆ ಕೀಳುತ್ತಿದ್ದ ಗೆಳತಿಯರೂ ದೂರವಾದರು. ಮಗನೋ ಸೊಸೆಯೋ ಅದೇ ತೋಟದಲ್ಲಿ ಕೆಲಸಕ್ಕಿಲ್ಲದಿದ್ದರೆ ಲೈನ್ ಮನೆಯ ಚಿಂತೆಯೂ ಸೇರಿಕೊಳ್ಳುತ್ತದೆ. ಬೆಳಿಗ್ಗೆ ಸೈರನ್ ಕೂಗುತ್ತದೆ, ಎಲ್ಲರೂ ಹೊರಡುತ್ತಾರೆ, ಅಜ್ಜಿ ಬಾಗಿಲಲ್ಲಿ ಕೂತಿರುತ್ತಾಳೆ. ನಲವತ್ತು ವರ್ಷ ಆ ಕೂಗಿಗೆ ಎದ್ದು ಓಡಿದವಳು ಒಂದೇ ದಿನದಲ್ಲಿ ಸುಮ್ಮನೆ ಕೂರಲು ಕಲಿತಾಳೇ?

ಆಮೇಲೆ ಹಳೆಯ ಮಾತು ಶುರುವಾಗುತ್ತದೆ. ಗುಂಡ್ಲುಪೇಟೆ ಕಡೆಯಿಂದ ಕಾಡು ದಾಟಿ ಬಂದದ್ದು, ಮಳೆಯಲ್ಲಿ ಜಿಗಣೆ ಕಚ್ಚಿದ್ದು, ಮೇಸ್ತ್ರಿ ತೂಕದಲ್ಲಿ ಮುರಿದುಕೊಂಡದ್ದು, ಹೆತ್ತು ಕಳಕೊಂಡ ಕೂಸು. "ನೂರು ಸಲ ಹೇಳಿದ್ದೀಯ, ಸುಮ್ನಿರಜ್ಜಿ" ಎನ್ನುತ್ತೇವೆ. ಇದು ಬುದ್ಧಿ ಮಂಕಾಗುವ ಗುರುತೆಂದು ಓದಿದವರೂ ತಿಳಿದಿದ್ದ ಕಾಲವೊಂದಿತ್ತು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಇದಕ್ಕೆ ಬೇರೆ ಅರ್ಥ ಕೊಟ್ಟರು. ಮರಣ ಹತ್ತಿರವಾಗುತ್ತಿರುವುದನ್ನು ಅರಿತ ಮನಸ್ಸು ಬಾಳಿದ ಬಾಳನ್ನು ತಿರುಗಿ ನೋಡುತ್ತದೆ, ಒಳಗೆ ಬಗೆಹರಿಯದೆ ಉಳಿದದ್ದನ್ನು ಎತ್ತಿ ಜೋಡಿಸಲು ನೋಡುತ್ತದೆ, ಅದು ಮುಪ್ಪಿನ ಸಹಜವಾದ ಕೆಲಸ ಎಂದರು. ಕೆಲವರಿಗೆ ಇದರಿಂದ ಸಮಾಧಾನ, ಕೆಲವರಿಗೆ ಕೊರಗು ಎಂದೂ ಹೇಳಿದರು. ಅದಕ್ಕೂ ಮೊದಲೇ, 1950ರಲ್ಲಿ, ಎರಿಕ್ ಎರಿಕ್ಸನ್ ಎಂಬವರು ಮನುಷ್ಯನ ಬೆಳವಣಿಗೆಗೆ ಎಂಟು ಹಂತಗಳನ್ನು ಹೇಳಿ, ಕೊನೆಯದನ್ನು ಮುಪ್ಪಿಗೇ ಇಟ್ಟಿದ್ದರು. ನನ್ನ ಬಾಳು ಇದೇ, ಇದನ್ನು ಒಪ್ಪಿದ್ದೇನೆ ಎನ್ನುವುದೋ, ಎಲ್ಲಾ ವ್ಯರ್ಥವಾಯಿತು ಎಂದು ನಿರಾಶೆಪಡುವುದೋ, ಆ ಹಂತದ ಹೋರಾಟ ಅದು. ನೋಡಿ, ಅರವತ್ತಕ್ಕೆ ಬೆಳವಣಿಗೆ ಮುಗಿಯಿತೆಂದು ಅವರು ಬರೆಯಲಿಲ್ಲ.

ಹಾಗಾದರೆ ಕೇಳುವ ಕಿವಿ ಬೇಕು. ಮೊಮ್ಮಕ್ಕಳು "ಆಗ ಕೂಲಿ ಎಷ್ಟಜ್ಜಿ? ಆ ಕೂಸಿನ ಹೆಸರೇನು?" ಎಂದು ಕೇಳಿದರೆ ಅದೇ ಕಥೆ ಸ್ವಲ್ಪ ಮುಂದಕ್ಕೆ ಹೋಗುತ್ತದೆ.

ಸತ್ಯವೇದದಲ್ಲಿ, ಎರಡನೆಯ ಸಮುವೇಲ 19ರಲ್ಲಿ, ಎಂಬತ್ತು ವರ್ಷದ ಬರ್ಜಿಲ್ಲೈ ಇದ್ದಾನೆ. ಕಷ್ಟಕಾಲದಲ್ಲಿ ಅನ್ನ ಕೊಟ್ಟವನೆಂದು ದಾವೀದನು ಅವನನ್ನು ಯೆರೂಸಲೇಮಿಗೆ ಕರೆದನು. ನನಗೆ ಊಟದ ರುಚಿ ತಿಳಿಯದು, ಹಾಡು ಕೇಳಿಸದು, ತಂದೆತಾಯಿಯ ಸಮಾಧಿಯ ಹತ್ತಿರ ಸಾಯುತ್ತೇನೆ, ನನ್ನ ಬದಲು ಕಿಮ್ಹಾಮನು ಬರಲಿ ಎಂದನು ಮುದುಕ. ಅರಸನು ಕರೆದನು, ಇವನು ಉತ್ತರ ಕೊಟ್ಟನು, ಅದರಂತೆಯೇ ಆಯಿತು. ನಮ್ಮಲ್ಲಿ? "ಅಪ್ಪನನ್ನು ಊರಿಗೆ ಕಳಿಸೋಣ" ಎಂದು ಅಪ್ಪನ ಎದುರಿಗೇ ಅಪ್ಪನನ್ನು ಕೇಳದೆ ತೀರ್ಮಾನ ಮಾಡುತ್ತೇವೆ. ಆ ಊರಲ್ಲಿ ಅವನ ಗುರುತಿನವರು ಎಷ್ಟು ಮಂದಿ ಉಳಿದಿದ್ದಾರೋ! ಅವನ ಹೆಂಡತಿಯನ್ನು ಮಣ್ಣು ಮಾಡಿದ್ದು ಈ ಗುಡ್ಡದಲ್ಲಿ.

ಇನ್ನೊಂದು ಮಾತು. ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಬೇಡಿರಿ. ವಾರಗಟ್ಟಲೆ ಊಟ ಸೇರದೆ, ನಿದ್ದೆ ಬಾರದೆ, ಅಲ್ಲಿ ನೋವು ಇಲ್ಲಿ ನೋವು ಎನ್ನುತ್ತಾ, ಮಾತು ಬಿಟ್ಟು ಮೂಲೆ ಸೇರಿದರೆ ಅದು ಮನಸ್ಸಿನ ಕಾಯಿಲೆ ಇರಬಹುದು, ಅದಕ್ಕೆ ಔಷಧಿಯುಂಟು. ಒಂದೆರಡು ದಿನದಲ್ಲೇ ಗಲಿಬಿಲಿಯಾಗಿ ಮಕ್ಕಳ ಗುರುತು ತಪ್ಪಿದರೆ ಮೂತ್ರದ ಸೋಂಕೋ ಜ್ವರವೋ ಕಾರಣವಿದ್ದೀತು, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಕಿವಿ ಮಂದವಾದವರು ತಮ್ಮ ವಿಷಯವೇ ಆಡಿಕೊಳ್ಳುತ್ತಿದ್ದಾರೆಂದು ಸಂಶಯಪಡುವುದುಂಟು. ಎದುರಿಗೆ ಕೂತು, ಮುಖ ನೋಡಿ ಮಾತಾಡಿರಿ. ಸಾಯುತ್ತೇನೆ ಎಂದರೆ ನಗಬೇಡಿರಿ.

ಬರುವ ತಿಂಗಳ ಕೂಟದಲ್ಲಿ ಹಾಡು ಮುಗಿದ ಮೇಲೆ ಮೊದಲ ಹದಿನೈದು ನಿಮಿಷ ಹಿರಿಯರೊಬ್ಬರು ತಾವು ಈ ತೋಟಕ್ಕೆ ಬಂದದ್ದನ್ನು ಹೇಳಲಿ. ಬರೆಯಬಲ್ಲ ಹುಡುಗ ಹುಡುಗಿಯರು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಯಾರು ಮೊದಲು ಎಂಬುದನ್ನು ಈಗಲೇ ಅವರನ್ನೇ ಕೇಳೋಣ.