ಕರೆಂಟ್ ಇದ್ದೂ ಆರದ ಹೊಗೆ



ಇಂಧನ ಬಡತನ ಮತ್ತು ಸಾರ್ವಜನಿಕ ಆರೋಗ್ಯ ಕುರಿತ ಈ ವಿಚಾರ ಸಂಕಿರಣಕ್ಕೆ ಮಲಪನಗುಡಿ ಸ್ವಲ್ಪ ವಿಚಿತ್ರ ಜಾಗ. ಇತ್ತ ತುಂಗಭದ್ರಾ ಅಣೆಕಟ್ಟೆಯ ಜಲವಿದ್ಯುತ್, ಅತ್ತ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಬಳ್ಳಾರಿ ಶಾಖೋತ್ಪನ್ನ ಸ್ಥಾವರ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಿಲ್ಲಿನ ಚಿಂತೆಯೂ ಬಹುಮಟ್ಟಿಗೆ ಇಳಿದಿದೆ. ಹಾಗಾದರೆ ಬಡತನ ಎಲ್ಲಿದೆ?

ಅಡುಗೆಮನೆಯಲ್ಲಿದೆ. ಸಿಲಿಂಡರ್ ಇರುವ ಎಷ್ಟೋ ಮನೆಗಳಲ್ಲಿ ಚಹಾಕ್ಕೆ, ಒಗ್ಗರಣೆಗೆ ಗ್ಯಾಸ್. ಜೋಳದ ರೊಟ್ಟಿಗೆ, ಸ್ನಾನದ ಹಂಡೆಗೆ ಕಟ್ಟಿಗೆ. ಕಟ್ಟಿಗೆಯೆಂದರೆ ಬಳ್ಳಾರಿ ಜಾಲಿ, ಹತ್ತಿಯ ಕಡ್ಡಿ, ಕೈಗೆ ಸಿಕ್ಕ ಪುರಲೆ. ಮಳೆಗಾಲದ ಹಸಿ ಜಾಲಿ ಉರಿಯುವುದಕ್ಕಿಂತ ಹೊಗೆಯಾಡುವುದೇ ಹೆಚ್ಚು. ಊದುಗೊಳವೆ ಹಿಡಿದು ಬಾಗಿದವಳ ಮುಖಕ್ಕೇ ಅದು ನುಗ್ಗುತ್ತದೆ, ಮಗ್ಗುಲಲ್ಲಿ ಕೂಸು. ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿಯುತ್ತವೆ, ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಮಕ್ಕಳಿಗೆ ನ್ಯುಮೋನಿಯಾ, ಹುಟ್ಟುವ ಕೂಸಿಗೆ ಕಡಿಮೆ ತೂಕ, ಅಜ್ಜಿಗೆ ದಮ್ಮು, ಕಣ್ಣಿಗೆ ಪೊರೆ. 2020ರಲ್ಲಿ ಮನೆಯೊಳಗಿನ ವಾಯುಮಾಲಿನ್ಯಕ್ಕೆ ಜಗತ್ತಿನಾದ್ಯಂತ 32 ಲಕ್ಷ ಜನ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಅವರಲ್ಲಿ 2.37 ಲಕ್ಷಕ್ಕೂ ಹೆಚ್ಚು ಮಂದಿ ಐದು ವರ್ಷದೊಳಗಿನ ಮಕ್ಕಳು.

ಒಲೆ ಸುಧಾರಣೆ ಕರ್ನಾಟಕಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ 1974ರಲ್ಲಿ ಕಟ್ಟಿದ 'ಅಸ್ತ್ರ' ತಂಡ ಎಂಬತ್ತರ ದಶಕದಲ್ಲಿ ಮೂರು ಪಾತ್ರೆ ಕೂರುವ, ಹೊಗೆಕೊಳವೆಯಿರುವ ಒಲೆಯನ್ನು ಕೊಟ್ಟಿತು. ಕಟ್ಟಿಗೆ ಉಳಿಯಿತು, ಹೊಗೆ ಸೂರಿನಾಚೆ ಹೋಯಿತು. ಆದರೆ ಕೊಳವೆಗೆ ಕಟ್ಟಿದ ಮಸಿಯನ್ನು ಆಗಾಗ ಕೆರೆಯಬೇಕು, ಬಿರುಕು ಬಿಟ್ಟ ಒಲೆಗೆ ಮಣ್ಣು ಮೆತ್ತಬೇಕು. ಒಲೆ ಕಟ್ಟಿಸಲು ಯೋಜನೆಯಿರುತ್ತದೆ, ಮಸಿ ಕೆರೆಯಲು ಯಾರಿರುತ್ತಾರೆ? ಬಡವರಿಗೆ ಗ್ಯಾಸ್ ಕನೆಕ್ಷನ್ ಕೊಡುವ 2016ರ ಉಜ್ವಲಾ ಯೋಜನೆಯ ಕಥೆಯೂ ಇದಕ್ಕಿಂತ ತೀರಾ ಬೇರೆಯಲ್ಲ. ಮೊದಲ ಸಿಲಿಂಡರ್ ಫೋಟೋಕ್ಕೆ ಸಿಗುತ್ತದೆ. ಎರಡನೆಯದನ್ನು ಕೂಲಿ ಸಿಕ್ಕ ವಾರದಲ್ಲಷ್ಟೇ ತರಿಸಲು ಸಾಧ್ಯ. ಸುಗ್ಗಿ ಮುಗಿದರೆ ಮತ್ತೆ ಜಾಲಿ.

ಇಂಗ್ಲೆಂಡಿನಲ್ಲಿ ಈ ಬಡತನ ಚಳಿಯ ರೂಪದಲ್ಲಿ ಬರುತ್ತದೆ. ಆದಾಯದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚನ್ನು ಇಂಧನಕ್ಕೇ ಸುರಿಯಬೇಕಾದ ಮನೆ ಇಂಧನ ಬಡತನದ್ದು ಎಂಬ ಅಳತೆಗೋಲನ್ನು ಸಂಶೋಧಕಿ ಬ್ರೆಂಡಾ ಬೋರ್ಡ್‌ಮನ್ 1991ರಲ್ಲಿ ಮುಂದಿಟ್ಟರು. ಅಲ್ಲಿ ಖರ್ಚನ್ನು ಅಳೆದರು. ಇಲ್ಲಿ ಕನೆಕ್ಷನ್ ಎಣಿಸುತ್ತಾರೆ. ಕನೆಕ್ಷನ್ ಎಣಿಸಿದರೆ ಯಾರೂ ಬಡವರಲ್ಲ!

ಇನ್ನು ಆಸ್ಪತ್ರೆಗಳ ಮಾತು. 2022ರ ಸೆಪ್ಟೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆ ವಿಮ್ಸ್‌ನಲ್ಲಿ ಕರೆಂಟ್ ಹೋಯಿತು. ಐಸಿಯುನಲ್ಲಿದ್ದ ಕೆಲವು ರೋಗಿಗಳು ತೀರಿಕೊಂಡರು. ವಿದ್ಯುತ್ ಕೈಕೊಟ್ಟದ್ದೇ ಕಾರಣವೆಂದು ಮನೆಯವರು ದೂರಿದರು, ಆಡಳಿತ ಅಲ್ಲಗಳೆಯಿತು, ಸರ್ಕಾರ ತನಿಖಾ ಸಮಿತಿ ನೇಮಿಸಿತು. ಕಾರಣ ಏನೇ ಇರಲಿ, ಜಿಲ್ಲೆಯ ದೊಡ್ಡಾಸ್ಪತ್ರೆಯಲ್ಲೇ ಇಂಥ ಪ್ರಶ್ನೆ ಎದ್ದಿತೆಂಬುದು ಸಣ್ಣ ಮಾತಲ್ಲ. 2008ರಲ್ಲಿ ಉತ್ತರ ನೈಜೀರಿಯಾಕ್ಕೆ ಹೋದ ಅಮೆರಿಕದ ಪ್ರಸೂತಿ ತಜ್ಞೆ ಲಾರಾ ಸ್ಟಾಕೆಲ್ ಕಂಡದ್ದು ಸಿಸೇರಿಯನ್ ನಡುವೆಯೇ ದೀಪ ಆರುವ ಆಸ್ಪತ್ರೆಯನ್ನು. ಸೂಟ್‌ಕೇಸಿನಲ್ಲಿ ಹಿಡಿಸುವ ಸೌರ ವಿದ್ಯುತ್ ಘಟಕ ಹುಟ್ಟಿದ್ದು ಆ ಅನುಭವದಿಂದ. ಈಗಲೂ ನೆಚ್ಚಿಕೊಳ್ಳುವಂಥ ಕರೆಂಟಿಲ್ಲದ ಆಸ್ಪತ್ರೆಗಳನ್ನೇ ಅವಲಂಬಿಸಿದವರು ಜಗತ್ತಿನಲ್ಲಿ ಸುಮಾರು 100 ಕೋಟಿ. ಲಸಿಕೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು; ಬೇಸಿಗೆಯ ಕಂಪ್ಲಿಯಲ್ಲಿ ಆ ತಂಪು ತಾನಾಗಿ ಸಿಗುವುದಿಲ್ಲ.

ಆದ್ದರಿಂದ ಇಲ್ಲಿ ಮಂಡನೆಯಾಗುವ ಪ್ರಬಂಧಗಳು ಮೆಗಾವಾಟ್ ಬಿಟ್ಟು ಕೆಳಗಿಳಿಯಲಿ. ಸಂಡೂರಿನ ಮನೆಯೊಂದಕ್ಕೆ ವರ್ಷಕ್ಕೆ ಎಷ್ಟು ಸಿಲಿಂಡರ್ ಬಂತು, ಆರೋಗ್ಯ ಕೇಂದ್ರದ ಲಸಿಕೆಯ ಫ್ರಿಜ್ ತಿಂಗಳಲ್ಲಿ ಎಷ್ಟು ಗಂಟೆ ನಿಂತಿತ್ತು ಎಂಬ ಲೆಕ್ಕ ಸಿಗಲಿ. ಆಶಾ ಕಾರ್ಯಕರ್ತೆ ಬಸುರಿಯ ತೂಕ, ರಕ್ತದೊತ್ತಡ ಬರೆದುಕೊಳ್ಳುವಾಗ ಒಂದು ಪ್ರಶ್ನೆ ಹೆಚ್ಚಿಗೆ ಕೇಳಲಿ: ರೊಟ್ಟಿ ಯಾವ ಒಲೆಯ ಮೇಲೆ?